ಎಳ್ಳುದೊಡ್ಡಿ ಹೆಡ್ಮೇಷ್ಟ್ರಿಗೆ ಮಾವ ಬಂದದ್ದು

ಎಳ್ಳುದೊಡ್ಡಿ ಶಾಲೆಯ ಹೆಡ್ಮೇಷ್ಟ್ರು ಸಿದ್ದಮಲ್ಲಪ್ಪನವರು ಸುಳ್ಳುಗಾರರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದದ್ದನ್ನು ಕೇಳಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಅವರು ತಮ್ಮ ಜನ್ಮದಲ್ಲಿ ಹೇಳಿದ ದೊಡ್ಡ ಸುಳ್ಳು ಒಂದೇ. ಅದೂ ಎರಡೇ ಅಕ್ಷರದ್ದು.

ಕೊಳ್ಳೇಗಾಲ ತಾಲ್ಲೂಕು ಆಗಿನ್ನೂ ಮದರಾಸು ರಾಜ್ಯಕ್ಕೆ ಸೇರಿತ್ತು. ಹನೂರಿನಲ್ಲಿ ಬಸ್ಸು ಇಳಿದು ಗಾಡಿ ಜಾಡಿನಲ್ಲಿ ನಡೆದರೆ ಹೊಲಗಳ ನಡುವೆ ಎಳ್ಳುದೊಡ್ಡಿ. ಸಿದ್ದಮಲ್ಲಪ್ಪ ಅಲ್ಲಿ ಮೊದಲು ಸಹಾಯಕ ಮೇಷ್ಟ್ರಾಗಿದ್ದರು. ಲೆಕ್ಕ ಹೇಳಿಕೊಡುವುದರಲ್ಲಿ ಎತ್ತಿದ ಕೈ. ಹಳೆಯ ಹೆಡ್ಮೇಷ್ಟ್ರಿಗೆ ವರ್ಗವಾದ ದಿನ, ಕುರ್ಚಿಗೆ ಹಕ್ಕುದಾರರಾಗಿದ್ದ ಚೆನ್ನಯ್ಯ ಮೇಷ್ಟ್ರಿಗೆ ಇದ್ದಕ್ಕಿದ್ದಂತೆ ಬೆನ್ನುನೋವು ಬಂತು. ಕುರ್ಚಿಗೆ ಬೇರೊಬ್ಬರು ಗೊತ್ತಾಗುವವರೆಗೂ ಆ ನೋವು ಇಳಿಯಲಿಲ್ಲ. ಹೀಗೆ ಕುರ್ಚಿ ಸಿದ್ದಮಲ್ಲಪ್ಪನವರ ಪಾಲಾಯಿತು.

ಕೈಯಿಲ್ಲದ ಸ್ಟೂಲಿನ ಮೇಲೆ ವರ್ಷಗಟ್ಟಲೆ ಸುಖವಾಗಿ ಕೂತವನನ್ನು ಕೈಯಿರುವ ಕುರ್ಚಿಯಲ್ಲಿ ಕೂರಿಸಿದರೆ ತನ್ನ ಕೈಗಳನ್ನು ಎಲ್ಲಿ ಇಡಬೇಕೆಂಬುದೇ ಮರೆತುಹೋಗುತ್ತದೆ. ಸಿದ್ದಮಲ್ಲಪ್ಪ ಶಾಲೆ ಶುರುವಾಗುವ ಗಂಟೆ ಹೊಡೆದರೆ ಮಕ್ಕಳು ಚೀಲ ಎತ್ತಿಕೊಂಡು ಮನೆಗೆ ಓಡುತ್ತಿದ್ದರು. ಪ್ರಾರ್ಥನೆಗೆ ನಿಂತರೆ ಗಾಬರಿಯಲ್ಲಿ ಮಕ್ಕಳ ಸಾಲಿನಲ್ಲೇ ನಿಂತುಬಿಡುತ್ತಿದ್ದರು. ಯಾರಾದರೂ ದೊಡ್ಡವರು ಬಂದರೆ ಸಾಕು, ಎದ್ದು ಕುರ್ಚಿ ಬಿಟ್ಟುಕೊಡುವರು. ಊರಿನ ಯಜಮಾನ ಪುಟ್ಟಬಸಪ್ಪನವರು ಒಂದು ದಿನ ಹಾಗೇ ಕೂತು, ಮಧ್ಯಾಹ್ನದವರೆಗೆ ಶಾಲೆ ನಡೆಸಿ, ಮಕ್ಕಳಿಗೆಲ್ಲ ರಜ ಕೊಟ್ಟು ಮನೆಗೆ ಹೋಗಿದ್ದರು.

ಇದು ಕೊಳ್ಳೇಗಾಲದ ಡೆಪ್ಟಿ ಇನ್‌ಸ್ಪೆಕ್ಟರ ಕಿವಿಗೆ ಬಿತ್ತು. ಕೊಯಮತ್ತೂರು ಕಡೆಯ ಆ ಸಾಹೇಬರು ಒಳ್ಳೆಯವರು, ಅದರ ಜೊತೆಗೆ ಹೊಸ ಯೋಚನೆಗಳಿದ್ದವರು. ಈಜು ಬಾರದವನನ್ನು ನೀರಿಗೆ ತಳ್ಳಿ ದಡದಲ್ಲಿ ನಿಂತು ಬೈಯುವುದಕ್ಕಿಂತ, ಈಜು ಬಲ್ಲ ಹಿರಿಯನೊಬ್ಬನನ್ನು ಜೊತೆಗೆ ಇಳಿಸುವುದು ಮೇಲು ಎಂಬುದು ಅವರ ಹೊಸ ಯೋಚನೆ. ಪಿಂಚಣಿ ತೆಗೆದುಕೊಂಡು ಜಗಲಿಯ ಮೇಲೆ ತೂಕಡಿಸುತ್ತಿರುವ ಹಳೆಯ ಹೆಡ್ಮೇಷ್ಟ್ರುಗಳು ಹೊಸಬರ ಊರಿಗೆ ಹೋಗಿ ಎಂಟು ದಿನ ಜೊತೆಗಿದ್ದು ಕೆಲಸದ ಮರ್ಮ ತೋರಿಸಿಕೊಡಬೇಕು. ಮೊದಲ ಪ್ರಯೋಗ ಎಳ್ಳುದೊಡ್ಡಿಯಲ್ಲಿ. ಬರುವವರು ಸದಾಶಿವಪ್ಪನವರು. ತಾಲ್ಲೂಕಿನಲ್ಲೆಲ್ಲ ಹೆಡ್ಮೇಷ್ಟ್ರಾಗಿ ಹೆಸರು ಮಾಡಿ, ಈಗ ಗಡಿಯಾಚೆ ಮೈಸೂರು ರಾಜ್ಯದ ಯಳಂದೂರಿನ ಹತ್ತಿರ, ಹೆಂಡತಿಯ ತವರಾದ ಅಗರದಲ್ಲಿ ನೆಲೆಸಿದ್ದವರು.

"ಇವರು ಹೇಳಿದ ಹಾಗೆ ಕಲಿತರೆ ಕುರ್ಚಿ ಖಾಯಂ," ಎಂದರು ಡೆಪ್ಟಿ ಸಾಹೇಬರು, ಸಿದ್ದಮಲ್ಲಪ್ಪನವರನ್ನು ಕರೆಸಿ. "ಇಲ್ಲದಿದ್ದರೆ ನೀವು ಪಾಲಾರಿಗೆ. ನಿಮ್ಮ ಶಾಲೆಯ ಮೇಲಿನ ಕ್ಲಾಸುಗಳು ಹನೂರಿಗೆ. ಸರಿದಾನೆ?"

ಪಾಲಾರ್ ಎಂದರೆ ತಾಲ್ಲೂಕಿನ ಗಡಿಯ ಕಾಡು. ಅಲ್ಲಿ ಮಕ್ಕಳಿಗಿಂತ ಮೊದಲು ಆನೆಗಳು ಶಾಲೆಗೆ ಬರುತ್ತವೆಂದು ಪ್ರತೀತಿ. ಆದರೆ ಸಿದ್ದಮಲ್ಲಪ್ಪನವರಿಗೆ ಆನೆಗಿಂತ ಹೆಚ್ಚಿನ ಭಯ ಎಳ್ಳುದೊಡ್ಡಿಯ ಬಾಯಿಯದು. ಮೇಷ್ಟ್ರಿಗೆ ಪಾಠ ಹೇಳಿಕೊಡಲು ಇನ್ನೊಬ್ಬ ಮೇಷ್ಟ್ರು ಬರುತ್ತಾರೆಂದು ತಿಳಿದರೆ ಊರು ಏನಂದೀತು?

ಅವರು ಬಾಡಿಗೆಗಿದ್ದದ್ದು ದೊಡ್ಡಬಸಮ್ಮನ ಮನೆಯ ಮುಂದಿನ ಕೋಣೆಯಲ್ಲಿ. ಊಟವೂ ಅವಳ ಕೈಯದೇ. ಸಂಜೆ ಕೋಣೆ ಸಾರಿಸುತ್ತಿದ್ದ ಮೇಷ್ಟ್ರನ್ನು ಕಂಡು ಆ ಮುದುಕಿ ಹೊಸಿಲ ಮೇಲೆ ಕೈಯಿಟ್ಟು ನಿಂತಳು.

"ಯಾಕ್ ಮೇಷ್ಟ್ರೇ, ನಾಳೆ ಯಾವ ಅಬ್ಬಾನೂ ಇಲ್ವಲ್ಲ?"

"ಒಬ್ಬರು ಬರ್ತಾರೆ ಕಣವ್ವ. ಎಂಟು ದಿನ ಇರ್ತಾರೆ."

"ಯಾರು?"

ಸಿದ್ದಮಲ್ಲಪ್ಪನವರ ಬಾಯಿಗೆ ಬಂದದ್ದು ಒಂದೇ. "ನಮ್ಮ ಮಾವ."

"ಮಾವನಾ? ಯಾವೂರು?"

"ಅಗರ," ಎಂದು ಸಿದ್ದಮಲ್ಲಪ್ಪ ಬಾಗಿಲು ಮುಂದೆ ಮಾಡಿಕೊಂಡರು. ಮಾತು ಅಲ್ಲಿಗೆ ಮುಗಿಯಿತೆಂದು ಅವರು ತಿಳಿದರು. ಆದರೆ ದೊಡ್ಡಬಸಮ್ಮ ಆಗಲೇ ಬಿಂದಿಗೆ ಎತ್ತಿಕೊಂಡು ಬಾವಿಯ ಕಡೆ ಹೊರಟಿದ್ದಳು. ಮನೆಯಲ್ಲಿ ನೀರು ತುಂಬಿತ್ತು ಎಂಬುದು ಬೇರೆ ಮಾತು.

ಬಾವಿಕಟ್ಟೆಯ ಮೇಲೆ ಅವಳು ಮಂಡಿಸಿದ ತರ್ಕಕ್ಕೆ ಯಾವ ವಕೀಲನೂ ಎದುರು ಹೇಳಲಾರ. "ಆ ಮೊಗ ತಬ್ಬಲಿ. ಮಟದ ಅನ್ನ ಉಂಡ್ಕಂಡು ಬೆಳದದ್ದು. ಅವ್ವನೇ ಇಲ್ದೋರಿಗೆ ಅವ್ವನ ತಮ್ಮ ಎಲ್ಲಿಂದ ಬಂದಾನು? ಇಷ್ಟ್ ವರ್ಸ ಇಲ್ದ ಮಾವ ಈಗ ಬತ್ತಾವ್ನೆ ಅಂದ್ರೆ ಅವ ಸೋದರಮಾವ ಅಲ್ಲ ಕಣ್ರವ್ವ. ಎಣ್ಣು ಕೊಡ ಮಾವ. ಐದನ್ನ ನೋಡಕ್ ಬತ್ತಾವ್ನೆ." ಐದ ಎಂದರೆ ಆ ಸೀಮೆಯ ಮಾತಿನಲ್ಲಿ ಹುಡುಗ.

"ಅಗರ ಅಂದ್ರೆ ಗದ್ದೆ ಸೀಮೆ ಅಲ್ವಾ?" ಎಂದಳು ಒಬ್ಬಳು. "ಅನ್ನ ಉಣ್ಣೋರ ಮನೆ ಎಣ್ಣು ಇಲ್ ಬಂದು ರಾಗಿಯಿಟ್ಟು ಮುರಿದಾಳಾ?"

"ಮುರೀತಾಳೆ. ಎಂತೆಂತೋರೋ ಮುರ್ದವ್ರೆ," ಎಂದಳು ದೊಡ್ಡಬಸಮ್ಮ.

ರಾತ್ರಿಯ ಊಟದ ಹೊತ್ತಿಗೆ ವಿಷಯ ಊರಿನ ವಿಷಯವಾಗಿತ್ತು. ಹೆಂಡತಿಯಿಲ್ಲದ ಮೇಷ್ಟ್ರು ಗೂಟವಿಲ್ಲದ ಕರು. ಯಾವಾಗ ಬೇಕಾದರೂ ಹೋಗಿಬಿಡಬಹುದು. ಇವರಾದರೆ ಮಕ್ಕಳಿಗೆ ಮಗ್ಗಿ ಬರುವಂತೆ ಮಾಡಿದವರು, ಕೇಳಿದವರಿಗೆಲ್ಲ ಅರ್ಜಿ ಬರೆದುಕೊಟ್ಟವರು. ಇವರನ್ನು ಊರಿಗೆ ಕಟ್ಟಿಹಾಕಬೇಕಾದರೆ ಬರುವ ಮಾವನಿಗೆ ಹುಡುಗ ಒಪ್ಪಿಗೆಯಾಗಬೇಕು. ಎಲ್ಲರೂ ಹೂಂ ಅಂದರು.

ಅನ್ನದೆ ಇದ್ದವರು ಯಜಮಾನ ಪುಟ್ಟಬಸಪ್ಪ ಒಬ್ಬರೇ. ಅವರ ಮಗಳು ಶಂಕರಮ್ಮ ಕೊಳ್ಳೇಗಾಲದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಎಂಟನೇ ಕ್ಲಾಸು ಪಾಸು ಮಾಡಿ ಬಂದಿದ್ದಳು. ಸುಗ್ಗಿ ಮುಗಿಯಲಿ, ಮೇಷ್ಟ್ರ ಹತ್ತಿರ ತಾವೇ ಪ್ರಸ್ತಾಪ ಎತ್ತೋಣವೆಂದು ಯಜಮಾನರು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರು. "ಒಳೆ ದಾಟಿ ಬಂದೋನು ನಮ್ ಕಣದ ರಾಸಿ ಅಳ್ಕಂಡ್ ಓಗದಾ?" ಎಂದು ಅವರು ತಮ್ಮ ಎಲೆಯಡಿಕೆ ಚೀಲಕ್ಕೆ ಹೇಳಿಕೊಂಡರು.

ಇತ್ತ ಅಗರದಲ್ಲಿ ಸದಾಶಿವಪ್ಪನವರ ಸಂಭ್ರಮ ಹೇಳತೀರದು. ನಿವೃತ್ತಿಯಾದ ಮೇಲೆ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಅಭ್ಯಾಸಬಲದಿಂದ ಅವರು ಮನೆಯಲ್ಲಿ ಊಟದ ಹೊತ್ತಿಗೆ ತಟ್ಟೆ ಬಾರಿಸಿ ಎಲ್ಲರನ್ನೂ ಸಾಲಾಗಿ ಕೂರಿಸುತ್ತಿದ್ದರು. ಅವರ ಹೆಂಡತಿ ಮಾದಪ್ಪನಿಗೆ ಹರಕೆ ಹೊತ್ತದ್ದು ಈ ಕರೆ ಬರುವುದಕ್ಕಾಗಿಯೇ ಎಂದು ಊರಿನವರು ಹೇಳುತ್ತಾರೆ. ಉದ್ದ ಕೋಟು, ಜರಿ ರುಮಾಲು, ಕೊಡೆ ಇವಿಷ್ಟನ್ನೂ ಧರಿಸಿ ಅವರು ಹನೂರಿನಲ್ಲಿ ಬಸ್ಸು ಇಳಿದಾಗ ಎದುರಿಗೆ ಕಂಡದ್ದು ಕೊಂಬಿಗೆ ಬಣ್ಣ ಹಚ್ಚಿದ ಎತ್ತುಗಳ ಗಾಡಿ, ಅದರ ಸುತ್ತ ಒಗೆದ ಪಂಚೆಯುಟ್ಟ ಹತ್ತಾರು ಜನ.

"ಇವರೆಲ್ಲಾ ಯಾರಪ್ಪ?" ಎಂದರು ಸದಾಶಿವಪ್ಪ.

"ನಿಮ್ಮನ್ನ ಕರ್ಕಂಡ್ ಓಗಕ್ ಬಂದೋ ಸಾ," ಎಂದ ಗಾಡಿಯ ಮಹದೇವು.

ಸದಾಶಿವಪ್ಪನವರ ಕಣ್ಣು ಒದ್ದೆಯಾಯಿತು. ವಿದ್ಯೆಗೆ ಇಷ್ಟು ಮರ್ಯಾದೆ ಕೊಡುವ ಊರನ್ನು ಅವರು ಕಂಡಿರಲಿಲ್ಲ. ಸ್ವಾಗತಕ್ಕೆ ಬಂದಿದ್ದ ಸಿದ್ದಮಲ್ಲಪ್ಪನವರಿಗೂ ಅಷ್ಟೇ ಆಶ್ಚರ್ಯ. ಅವರು ಗಾಡಿಯ ಹಿಂದೆ ಜನರ ಜೊತೆ ನಡೆದು ಬಂದರು.

ಹೊಸ ಹೆಡ್ಮೇಷ್ಟ್ರ ಮಾನಕ್ಕೆ ಕುಂದು ಬಾರದಂತೆ, ಬಂದ ಕಾರಣವನ್ನು ಊರಿನಲ್ಲಿ ಬಾಯಿಬಿಡಬೇಡಿರೆಂದು ಡೆಪ್ಟಿ ಸಾಹೇಬರು ಸದಾಶಿವಪ್ಪನವರಿಗೆ ಹೇಳಿಕಳಿಸಿದ್ದರು. ಆದ್ದರಿಂದ ಗಾಡಿಯಲ್ಲಿ ಅವರು ಬಹಳ ಜಾಣತನದಿಂದ ಮಾತಾಡಿದರು.

"ನೋಡಕ್ ಬಂದ್ರಾ ಸಾ?" ಎಂದ ಮಹದೇವು.

"ಹೌದಪ್ಪ, ಸುಮ್ಮನೆ ನೋಡೋಣ ಅಂತ. ಒಪ್ಪೋದು ಬಿಡೋದು ಮೇಲಿನವರ ಕೈಲಿದೆ."

"ಎಲ್ಲಾ ಮೇಲಿರೋನ ಕೈಲೇ ಸಾ," ಎಂದು ಮಹದೇವು ಮಾದಪ್ಪನ ಬೆಟ್ಟದ ದಿಕ್ಕಿಗೆ ಕೈಮುಗಿದ.

"ಹುಡುಗ ಹೇಗೆ? ನಡವಳಿಕೆ?"

"ಚಿನ್ನ ಸಾ. ಬೀಡಿ ಇಲ್ಲ, ಎಂಡ ಇಲ್ಲ. ಬೈದ್ರೂ ನಗ್ತಾರೆ."

"ಅದು ಸರಿ. ಮಕ್ಕಳು ಎಷ್ಟು?"

ಮಹದೇವು ಎತ್ತುಗಳನ್ನು ನಿಲ್ಲಿಸಿಯೇಬಿಟ್ಟ. "ಮಕ್ಕಳಾ? ದೇವ್ರಾಣೆ ಇಲ್ಲ ಸಾ. ಒಂದೂ ಇಲ್ಲ."

"ಒಂದೂ ಇಲ್ಲವಾ?"

"ಅವೆ ಅಂತ ಯಾರೋ ಆಗ್ದೋರು ಏಳವ್ರೆ ಸಾ. ನಂಬಬ್ಯಾಡಿ."

ಸದಾಶಿವಪ್ಪ ದಿಗ್ಭ್ರಮೆಯಿಂದ ಕೊಡೆಯ ಹಿಡಿ ಬಿಗಿಹಿಡಿದರು. ಒಂದು ಮಗುವೂ ಇಲ್ಲದ ಶಾಲೆ. ಡೆಪ್ಟಿ ಸಾಹೇಬರು ಪರಿಸ್ಥಿತಿ ಕೆಟ್ಟಿದೆ ಎಂದಿದ್ದರು, ಇಷ್ಟು ಕೆಟ್ಟಿದೆ ಎಂದಿರಲಿಲ್ಲ. "ಇರಲಿ," ಎಂದರು ಕೊನೆಗೆ. "ಇನ್ನೂರು ಮಕ್ಕಳಾದರೂ ಸಂಭಾಳಿಸೋ ಶಕ್ತಿ ಬರಬೇಕು ಅವನಿಗೆ. ಅದೇ ನನ್ನ ಆಸೆ."

ಮಹದೇವು ಎತ್ತುಗಳನ್ನು ಮತ್ತೆ ಹೊರಡಿಸಿದ. "ದೇವ್ರು ಕೊಟ್ಟಷ್ಟು ಆಗ್ಲಿ ಬುಡಿ ಸಾ," ಎಂದ.

ಆ ರಾತ್ರಿ ಮಹದೇವುವಿನ ವರದಿ ಕೇಳಿ ಊರು ಗಂಭೀರವಾಯಿತು. ಮಾವನಿಗೆ ಮಕ್ಕಳ ಮೇಲೆ ಬಲು ಆಸೆ ಎಂಬುದು ಸ್ಪಷ್ಟವಾಯಿತು. ನಾಳೆ ಶಾಲೆ ನೋಡಲು ಹೋದಾಗ ಅಲ್ಲಿ ಅರ್ಧ ಮಕ್ಕಳೇ ಇಲ್ಲದಿದ್ದರೆ, ಅಳಿಯನಿಗೆ ಕೆಲಸವೇ ಇಲ್ಲ ಎಂದುಕೊಂಡಾರು. ದೊಡ್ಡಬಸಮ್ಮ ಮನೆಮನೆಯ ಬಾಗಿಲಿಗೆ ಹೋಗಿ ಹೇಳಿದಳು: "ದನ ಒಂದ್ ವಾರ ಮುದುಕ್ರೇ ಮೇಯಿಸ್ಲಿ. ಐಕ್ಳನ್ನೆಲ್ಲಾ ತಲೆ ಬಾಚಿ ಕಳ್ಸಿ. ಎಣ್ ಐಕ್ಳೂ ಓಗ್ಬೇಕು."

ಮಾರನೆಯ ಬೆಳಿಗ್ಗೆ ಸದಾಶಿವಪ್ಪ, ಬರಿದಾದ ಶಾಲೆಯನ್ನು ನೋಡಲು ಮನಸ್ಸು ಗಟ್ಟಿ ಮಾಡಿಕೊಂಡು ಹೋದರು. ಶಾಲೆ ತುಂಬಿ ತುಳುಕುತ್ತಿತ್ತು. ಎಣ್ಣೆ ಹಚ್ಚಿ ಬಾಚಿದ ತಲೆಗಳು ಕಿಟಕಿಯವರೆಗೂ ಕೂತಿದ್ದವು. ಸಿದ್ದಮಲ್ಲಪ್ಪನವರೂ ಬಾಗಿಲಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದರು. ಇಷ್ಟು ಮಕ್ಕಳು ಊರಿನಲ್ಲಿ ಇದ್ದದ್ದೇ ಅವರಿಗೆ ಗೊತ್ತಿರಲಿಲ್ಲ.

"ನಾನಿನ್ನೂ ಬಾಯಿ ಬಿಟ್ಟಿಲ್ಲ," ಎಂದರು ಸದಾಶಿವಪ್ಪ, ಗದ್ಗದಿತರಾಗಿ. "ಕಾಲಿಟ್ಟದ್ದು ಅಷ್ಟೇ."

ಅಂದಿನಿಂದ ಪಾಠ ಆರಂಭವಾಯಿತು. ಸದಾಶಿವಪ್ಪನವರ ಎಲ್ಲಾ ಉಪದೇಶವೂ 'ಮೊದಲನೆಯದಾಗಿ' ಎಂದು ಶುರುವಾಗುತ್ತಿತ್ತು. ಎರಡನೆಯದನ್ನು ಕೇಳಿದವರು ಯಾರೂ ಇಲ್ಲ. ಮೊದಲನೆಯದಾಗಿ, ಗಂಟೆ ಹೊಡೆಯುವವನಿಗೆ ಅನುಮಾನ ಇರಬಾರದು. ಅವನಿಗೆ ಅನುಮಾನವಿದ್ದರೆ ಗಂಟೆಗೂ ಇರುತ್ತದೆ. ಮೊದಲನೆಯದಾಗಿ, ಕುರ್ಚಿಗೆ ಬೆನ್ನು ತಾಗಿಸಿ ಕೂರಬೇಕು. ಮೊದಲನೆಯದಾಗಿ, ಜಗಳ ತಂದವನನ್ನು ತಡೆಯಬಾರದು. ಅವನ ಅಂಗಿಯ ಗುಂಡಿ ನೋಡುತ್ತ ಸುಮ್ಮನಿರಬೇಕು, ಅವನ ಮಾತು ತಾನಾಗಿ ಮುಗಿಯುತ್ತದೆ. ತನ್ನ ಮಗನಿಗೆ ಬೇರೊಬ್ಬ ಹುಡುಗ ಹೊಡೆದ ಎಂದು ಒಬ್ಬ ತಂದೆ ಕೂಗಾಡುತ್ತ ಬಂದಾಗ ಸಿದ್ದಮಲ್ಲಪ್ಪ ಹಾಗೇ ಗುಂಡಿ ನೋಡುತ್ತ ಕೂತರು. ಆತ ಕೂಗಿ ಕೂಗಿ, ಕೊನೆಗೆ "ನಮ್ ಐದಂದೂ ತಪ್ಪದೆ ಬುಡಿ" ಎಂದು ತಾನೇ ಹೇಳಿ ಹೋದ. ಸಿದ್ದಮಲ್ಲಪ್ಪನವರಿಗೆ ತಮ್ಮ ಕೈಗಳನ್ನು ಎಲ್ಲಿಡಬೇಕೆಂದು ಅಂದು ಮೊದಲ ಸಲ ಗೊತ್ತಾಯಿತು. ಅವು ಕುರ್ಚಿಯ ಕೈಗಳ ಮೇಲೇ ಇದ್ದವು.

ಊರಿನವರೂ ಸುಮ್ಮನಿರಲಿಲ್ಲ. ಮೇಷ್ಟ್ರಿಗೆ ಸ್ವಂತ ಮನೆಯಿಲ್ಲ, ಮಾವ ನೋಡುವುದಾದರೆ ಶಾಲೆಯನ್ನೇ ನೋಡಬೇಕು ಎಂದು ಗೋಡೆಗೆ ಸುಣ್ಣ ಹೊಡೆದರು. ಸೋರುತ್ತಿದ್ದ ಹೆಂಚು ಕೈಯಾಡಿಸಿ ಸರಿ ಮಾಡಿದರು. ಬಾಗಿಲಿಗೆ ಮಾವಿನ ತೋರಣ ಕಟ್ಟಿದರು. ದೊಡ್ಡಬಸಮ್ಮ ದಿನ ಬಿಟ್ಟು ದಿನ ಒಬ್ಬಟ್ಟು ತಟ್ಟಿದಳು. ಸದಾಶಿವಪ್ಪ ಪ್ರತಿಯೊಂದನ್ನೂ ತಮ್ಮ ಉಪದೇಶದ ಫಲವೆಂದು ಮನಸ್ಸಿನಲ್ಲಿ ಬರೆದುಕೊಂಡರು.

ಇದನ್ನೆಲ್ಲ ನೋಡಿ ತಡೆಯಲಾರದೆ ಪುಟ್ಟಬಸಪ್ಪನವರು ಒಂದು ಸಂಜೆ ಸದಾಶಿವಪ್ಪನವರನ್ನು ಹೊಲ ತೋರಿಸುವ ನೆಪದಲ್ಲಿ ಕರೆದುಕೊಂಡು ಹೋದರು.

"ಐದ ಒಳ್ಳೇನೇ," ಎಂದರು ಅವರು, ಎಲೆಗೆ ಸುಣ್ಣ ಸವರುತ್ತ. "ಆದ್ರೆ ಅತ್ತಿರದಿಂದ ನೋಡ್ದೋರು ಏಳ್ಬೇಕಲ್ಲ. ನಾಲಕ್ ಜನ್ರ ಮುಂದೆ ಬಾಯ್ ಬರಲ್ಲ. ಯಾರ್ ಏನ್ ಏಳುದ್ರೂ ಹೂಂ ಅಂತಾನೆ. ಇಂತೋರ ಕೈಗೆ ಕೊಟ್ಬುಟ್ಟು ಆಮೇಲೆ ಕಣ್ಣೀರ್ ಆಕಬ್ಯಾಡಿ."

"ಕೊಡಬಾರದು ಅಂತೀರಾ?" ಎಂದರು ಸದಾಶಿವಪ್ಪ, ಕುರ್ಚಿಯನ್ನು ಮನಸ್ಸಿನಲ್ಲಿಟ್ಟುಕೊಂಡು.

"ನಾನಾಗಿದ್ರೆ ಕೊಡಲ್ಲ," ಎಂದರು ಪುಟ್ಟಬಸಪ್ಪ, ಶಂಕರಮ್ಮನನ್ನು ಮನಸ್ಸಿನಲ್ಲಿಟ್ಟುಕೊಂಡು.

ಸದಾಶಿವಪ್ಪನವರಿಗೆ ಆ ರಾತ್ರಿ ಒಬ್ಬಟ್ಟು ಸೇರಲಿಲ್ಲ. ಊರೆಲ್ಲ ಹೊಗಳುವ ಹುಡುಗನನ್ನು ಯಜಮಾನನೇ ಬೇಡವೆನ್ನುತ್ತಾನೆಂದರೆ ಏನೋ ಇರಬೇಕು.

ಇತ್ತ ದೊಡ್ಡಬಸಮ್ಮ ಮೇಷ್ಟ್ರಿಗೆ ಬಡಿಸುತ್ತ, ಇಷ್ಟು ದಿನ ತಡೆದಿಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟಳು. "ಅಲ್ಲ ಮೇಷ್ಟ್ರೇ, ಎಣ್ಣು ಎಂಗದೆ ಅಂತ ನೀವೂ ಕೇಳ್ಬೇಕೋ ಬ್ಯಾಡ್ವೋ? ಕಪ್ಪೋ ಬಿಳುಪೋ?"

"ಯಾವ ಹೆಣ್ಣು?"

"ನಿಮ್ ಮಾವನ ಮಗಳು."

ಸಿದ್ದಮಲ್ಲಪ್ಪ ಮುರಿದ ಮುದ್ದೆಯನ್ನು ಎಲೆಗೇ ಹಾಕಿದರು. ಬಣ್ಣದ ಕೊಂಬು, ಸುಣ್ಣದ ಗೋಡೆ, ಬಾಚಿದ ತಲೆ, ಎಲ್ಲವೂ ಒಂದರ ಹಿಂದೊಂದು ಅರ್ಥವಾದವು. ಅವರು ಕೈ ತೊಳೆದವರೇ, ನಿಜ ಹೇಳಿಬಿಡುತ್ತೇನೆಂದು ಸದಾಶಿವಪ್ಪನವರ ಹತ್ತಿರ ಹೋದರು.

"ಸಾರ್, ಮಕ್ಕಳು ಬಂದದ್ದು ಯಾಕೆ ಅಂದ್ರೆ—"

"ನನಗೆ ಗೊತ್ತು," ಎಂದು ಮುದುಕರು ಅವರ ಹೆಗಲ ಮೇಲೆ ಕೈಯಿಟ್ಟರು. "ಸರ್ವೀಸಿನಲ್ಲಿದ್ದಷ್ಟು ದಿನವೂ ನನ್ನನ್ನು ಕಂಡರೆ ಮಕ್ಕಳು ಓಡಿಹೋಗ್ತಿದ್ದರಪ್ಪ. ಓಡಿ ಬಂದದ್ದು ಇಲ್ಲೇ ಮೊದಲು. ಇನ್ನು ನಾನು ಸತ್ತರೂ ಚಿಂತೆಯಿಲ್ಲ. ಡೆಪ್ಟಿ ಸಾಹೇಬರಿಗೆ ಹೇಳಿಕಳಿಸಿದ್ದೇನೆ. ನಾಳೆ ಅವರೇ ನೋಡಲು ಬರ್ತಾರೆ."

ಸಿದ್ದಮಲ್ಲಪ್ಪ ಹೂಂ ಎಂದು ಹಿಂದಿರುಗಿದರು.

ಮಾರನೆಯ ದಿನ ಧೂಳೆಬ್ಬಿಸಿಕೊಂಡು ಜೀಪು ಬಂತು. ಎಳ್ಳುದೊಡ್ಡಿಗೆ ಜೀಪು ಬಂದದ್ದು ಅದೇ ಮೊದಲು. ಹೆಣ್ಣಿನ ಕಡೆಯವರು ಇಷ್ಟು ಸ್ಥಿತಿವಂತರೆಂದು ಯಾರೂ ಎಣಿಸಿರಲಿಲ್ಲ. ವೀಳ್ಯಶಾಸ್ತ್ರಕ್ಕೇ ಬಂದಿದ್ದಾರೆ ಎಂದು ಮಹದೇವು ಓಡುತ್ತ ಬಂದು ಹೇಳಿದ. ಡೆಪ್ಟಿ ಸಾಹೇಬರು ಕಾಲು ಕೆಳಗಿಡುವಷ್ಟರಲ್ಲಿ ಹೆಂಗಸರು ಆರತಿ ಎತ್ತಿದರು, ಗಂಡಸರು ಹಾರ ಹಾಕಿದರು, ವಾಲಗದವನೊಬ್ಬ ಎಲ್ಲಿಂದಲೋ ಬಂದು ಊದತೊಡಗಿದ. ಸಾಹೇಬರು ಕಿವಿ ಮುಚ್ಚಿಕೊಂಡೇ ಶಾಲೆ ನೋಡಿದರು. ಸುಣ್ಣ ನೋಡಿದರು, ಹೆಂಚು ನೋಡಿದರು, ಹೆಣ್ಣುಮಕ್ಕಳ ಸಾಲು ನೋಡಿ ನಿಂತೇಬಿಟ್ಟರು.

ಆಮೇಲೆ ಅಂಗಳದಲ್ಲಿ ಕುರ್ಚಿ ಹಾಕಿ ಕೂತು, ಸೇರಿದ್ದ ಊರನ್ನು ಉದ್ದೇಶಿಸಿ ಹೇಳಿದರು: "ಬಹಳ ಸಂತೋಷ. ಈ ಹುಡುಗನಿಗೆ ಖಾಯಂ ಆಗಿ ಕೊಟ್ಟುಬಿಡೋಣ ಅಂತ ನನ್ನ ಅಭಿಪ್ರಾಯ. ಊರಿನವರು ಏನಂತೀರಿ?"

"ಕೊಡಿ ಸಾ," ಎಂದಿತು ಊರು ಒಂದೇ ಬಾಯಲ್ಲಿ.

"ಬ್ಯಾಡಿ," ಎಂದರು ಪುಟ್ಟಬಸಪ್ಪ, ಎದ್ದು ನಿಂತು.

ವಾಲಗ ನಿಂತಿತು. ಇದಕ್ಕೇ ಹೆದರಿದ್ದ ಸದಾಶಿವಪ್ಪ ರುಮಾಲು ಸರಿಮಾಡಿಕೊಂಡರು.

"ಯಾಕೆ?" ಎಂದರು ಡೆಪ್ಟಿ ಸಾಹೇಬರು.

"ಕೊಟ್ರೆ ಎಣ್ಣು ಆಳಾಯ್ತದೆ ಸಾ."

"ಎನ್ನ?" ಎಂದು ಗಾಬರಿಗೆ ಸಾಹೇಬರ ಬಾಯಲ್ಲಿ ತಮಿಳು ಬಂತು. "ಯಾವ ಹೆಣ್ಣು?"

"ಇನ್ಯಾವ್ದು? ಈ ಸದಾಶಿವಪ್ಪನೋರ ಎಣ್ಣು."

ಎಲ್ಲರ ಮುಖವೂ ಸದಾಶಿವಪ್ಪನವರ ಕಡೆ ತಿರುಗಿತು. ಅವರು ನಿಧಾನವಾಗಿ ಹೇಳಿದರು: "ನನಗೆ ಇರೋವು ಮೂರೂ ಗಂಡು."

ಆಮೇಲೆ ಎಲ್ಲರೂ ಸಿದ್ದಮಲ್ಲಪ್ಪನವರ ಕಡೆ ನೋಡಿದರು. ಸಿದ್ದಮಲ್ಲಪ್ಪ ಎದ್ದರು. ಕಾಲುಗಳು ಓಡಲು ಸಿದ್ಧವಾಗಿದ್ದವು. ಆದರೆ ಓಡಿದರೆ ಮುದುಕರ ಎಂಟು ದಿನದ ಶ್ರಮ ಮಣ್ಣುಪಾಲು ಎಂಬುದು ಹೇಗೋ ತಲೆಗೆ ಬಂತು. ಅವರು ಡೆಪ್ಟಿ ಸಾಹೇಬರ ಅಂಗಿಯ ಗುಂಡಿ ನೋಡುತ್ತ ಹೇಳಿಬಿಟ್ಟರು.

"ಇವರು ನನ್ನ ಮಾವ ಅಲ್ಲ. ನನಗೆ ಹೆಡ್ಮೇಷ್ಟ್ರ ಕೆಲಸ ಬರ್ತಿರಲಿಲ್ಲ. ಕಲಿಸೋದಕ್ಕೆ ಬಂದರು. ಹಾಗಂತ ಹೇಳೋಕೆ ನಾಚಿಕೆಯಾಯ್ತು. ಮಾವ ಅಂದೆ. ತಪ್ಪು ನನ್ನದು, ಇವರದಲ್ಲ."

"ಮೂರ್ ಸಲ ಒಬ್ಬಟ್ಟು ಮಾಡ್ದೆನಲ್ಲೋ," ಎಂದಳು ದೊಡ್ಡಬಸಮ್ಮ. ದುಃಖಕ್ಕೆ ಅವಳ ಬಾಯಲ್ಲಿ ಬಹುವಚನವೇ ಬಿದ್ದುಹೋಗಿತ್ತು.

ಸದಾಶಿವಪ್ಪ ಮಹದೇವುವಿನ ಕಡೆ ತಿರುಗಿದರು. ಅವರ ದನಿ ಸಣ್ಣದಾಗಿತ್ತು. "ಹಾಗಾದರೆ ಮಕ್ಕಳು ಬಂದದ್ದು?"

"ಎಣ್ಣಿನ ಕಡೆಯೋರು ಬಂದವ್ರೆ ಅಂತ ಕಳ್ಸುದ್ವು ಸಾ."

"ಸುಣ್ಣ?"

"ಅದೂ ಅದ್ಕೇಯ."

ಮುದುಕರು ಕೊಡೆಯನ್ನು ಮಂಡಿಯ ಮೇಲಿಟ್ಟುಕೊಂಡು ತಲೆ ತಗ್ಗಿಸಿದರು. ಮಹದೇವು ಮುಂದೆ ಬಂದ. "ಆದ್ರೆ ಸಾ," ಎಂದ ಅವನು, "ಗಂಟೆ ಸರ್ಯಾಗ್ ಒಡೀತಾವ್ರಲ್ಲ, ಅದು ನಿಮ್ದೇಯ. ಮೊದ್ಲು ಇವ್ರು ಗಂಟೆ ಒಡುದ್ರೆ ನಮ್ ಎತ್ತೂ ನಗ್ತಿದ್ದೋ. ಈಗ ನಾನೂ ಎದ್ ನಿಂತ್ಕತೀನಿ."

"ಅದ್ ನಿಜ," ಎಂದರು ನಾಲ್ಕಾರು ಜನ. ಕೂಗಾಡಲು ಬಂದಿದ್ದ ತಂದೆಯೂ ಅದ್ ನಿಜ ಎಂದ.

ಡೆಪ್ಟಿ ಸಾಹೇಬರು ಹಾರ ತೆಗೆದು ಪಕ್ಕಕ್ಕಿಟ್ಟು ಪುಟ್ಟಬಸಪ್ಪನವರನ್ನು ಕೇಳಿದರು. "ನಾನು ಕೊಡೋದು ಹೆಣ್ಣಲ್ಲ ಯಜಮಾನರೇ, ಕುರ್ಚಿ. ಇವರಿಗೆ ಶಾಲೆ ಕೊಡಬಹುದೋ ಬೇಡವೋ?"

"ಇಸ್ಕೂಲಾ? ಇಸ್ಕೂಲಿಗಾದ್ರೆ ಇಂತಾ ಮೇಷ್ಟ್ರು ಸಿಕ್ಕಲ್ಲ ಸಾ. ಕೊಟ್ಬುಡಿ."

"ಇಷ್ಟು ಒಳ್ಳೆಯವರಿಗೆ ಹೆಣ್ಣು ಯಾಕೆ ಬೇಡ ಅಂದಿರಿ?"

ಪುಟ್ಟಬಸಪ್ಪ ಎಲೆಯಡಿಕೆ ಚೀಲದಲ್ಲಿ ಏನನ್ನೋ ಹುಡುಕತೊಡಗಿದರು. ಉತ್ತರ ಕೊಟ್ಟವಳು ದೊಡ್ಡಬಸಮ್ಮ. "ಅವ್ರ ಮನೇಲೇ ಒಂದದೆ ಸಾ, ಅದ್ಕೇ."

ಊರು ನಕ್ಕ ನಗೆ ಹನೂರಿಗೆ ಕೇಳಿಸಿರಬೇಕು. ನಗು ಇಳಿದಾಗ ಪುಟ್ಟಬಸಪ್ಪ ಕೆಂಪಾಗಿ, "ಎಂಗೂ ಬಾಯಿಗ್ ಬಂತು. ಮೇಷ್ಟ್ರೇ, ನೀವೇನಂತೀರಿ?" ಎಂದರು.

ಸಿದ್ದಮಲ್ಲಪ್ಪ ಎಂದಿನಂತೆ ಸದಾಶಿವಪ್ಪನವರ ಕಡೆ ನೋಡಿದರು. ಮುದುಕರು ತಲೆಯೆತ್ತಿ "ಮೊದಲನೆಯದಾಗಿ" ಎಂದವರು ಅಲ್ಲೇ ನಿಲ್ಲಿಸಿದರು. "ಇಲ್ಲಪ್ಪ. ಇದಕ್ಕೆ ನೀನೇ ಹೆಡ್ಮೇಷ್ಟ್ರು."

ಸಿದ್ದಮಲ್ಲಪ್ಪ ಕತ್ತೆತ್ತಿ ನೋಡಿದರು. ಹೆಂಗಸರ ನಡುವೆ ಆರತಿ ತಟ್ಟೆ ಹಿಡಿದು ನಿಂತಿದ್ದ ಶಂಕರಮ್ಮನನ್ನು ಅವರು ಅರ್ಜಿ ಬರೆದುಕೊಡಲು ಹೋದ ಮನೆಗಳಲ್ಲಿ, ಬಾವಿಯ ಹಾದಿಯಲ್ಲಿ ಕಂಡಿದ್ದರು. ಕಂಡಾಗಲೆಲ್ಲ ಅವರ ಕೈಗಳಿಗೆ ಅದೇ ಕುರ್ಚಿಯ ಕಷ್ಟ ಬರುತ್ತಿತ್ತು. "ನನಗೆ ಒಪ್ಪಿಗೆ," ಎಂದರು. "ಆದರೆ ಅವರನ್ನು ಕೇಳಬೇಕು."

ಎಲ್ಲರೂ ತಿರುಗಿದರು. ಶಂಕರಮ್ಮ ತಟ್ಟೆಯನ್ನು ಕೆಳಗಿಟ್ಟಳು. "ಒಂದ್ ವರ್ಸ ಒಂದ್ ಸುಳ್ಳೂ ಏಳ್ದೆ ಇರ್ಲಿ," ಎಂದಳು ಸ್ಪಷ್ಟವಾಗಿ. "ಆಮೇಲ್ ನೋಡನ."

ಡೆಪ್ಟಿ ಸಾಹೇಬರು ಜೀಪು ಹತ್ತುವ ಮುಂಚೆ ಎರಡು ಅಪ್ಪಣೆ ಮಾಡಿದರು. ಕುರ್ಚಿ ಖಾಯಂ. ಸದಾಶಿವಪ್ಪನವರು ತಿಂಗಳಿಗೊಮ್ಮೆ ಬಂದು ಹೋಗಬೇಕು, ಇನ್ನು ಮೇಲೆ ಬರುವ ಕಾರಣವನ್ನು ಎಲ್ಲರಿಗೂ ಹೇಳಿಯೇ ಬರಬೇಕು.

ಇಲ್ಲಿಗೆ ಕಷ್ಟ ಮುಗಿಯಿತೆಂದು ಊರು ತಿಳಿಯಿತು. ಶುರುವಾದದ್ದು ಆಮೇಲೆ.

ದೊಡ್ಡಬಸಮ್ಮ ಮಾರನೆಯ ದಿನ ಬಡಿಸುತ್ತ, "ಸಾರು ಎಂಗದೆ ಮೇಷ್ಟ್ರೇ?" ಎಂದಳು. ಸಿದ್ದಮಲ್ಲಪ್ಪ ಬಹಳ ಹೊತ್ತು ಎಲೆ ನೋಡಿ, "ಹುಳಿ ಜಾಸ್ತಿಯಾಗಿದೆ ಅವ್ವ," ಎಂದರು. ಎರಡು ದಿನ ಅವರಿಗೆ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಮಗ ಹೇಗೆ ಓದುತ್ತಾನೆಂದು ಕೇಳಿದ ತಂದೆಗೆ ಮುಂಚೆ "ಪರವಾಗಿಲ್ಲ" ಎನ್ನುತ್ತಿದ್ದವರು, ಈಗ "ಓದುವುದಿಲ್ಲ" ಎಂದರು. ಎರಡು ಜೊತೆ ಎತ್ತಿನ ಒಡೆಯನೊಬ್ಬ, ತಾನು ಕಡುಬಡವ ಎಂದು ಅರ್ಜಿ ಬರೆಸಲು ಬಂದರೆ, "ಕಡು ಅನ್ನೋದು ಬರೆಯೋಕಾಗಲ್ಲ, ಬಡವ ಅನ್ನೋದೂ ಕಷ್ಟ," ಎಂದು ಲೇಖನಿ ಮುಚ್ಚಿದರು. ಪುಟ್ಟಬಸಪ್ಪನವರು ಸೋಮವಾರದ ಭಜನೆಯಲ್ಲಿ ಮೈಮರೆತು ಹಾಡಿ, ಹೇಗಿತ್ತು ಎಂದು ಭಾವೀ ಅಳಿಯನನ್ನು ಎಲ್ಲರೆದುರು ಕೇಳಿದರು. "ಭಕ್ತಿ ಇತ್ತು," ಎಂದು ಸಿದ್ದಮಲ್ಲಪ್ಪ ನಿಲ್ಲಿಸಿದರು. ಅಷ್ಟಕ್ಕೆ ಬಿಡಬಹುದಾಗಿತ್ತು. ಯಜಮಾನರು ಶ್ರುತಿ ಹೇಗಿತ್ತು ಎಂದೂ ಕೇಳಿದರು. ಚೆನ್ನಯ್ಯ ಮೇಷ್ಟ್ರ ಬೆನ್ನುನೋವನ್ನು ಕುರಿತು ಡೆಪ್ಟಿ ಸಾಹೇಬರು ಸಿದ್ದಮಲ್ಲಪ್ಪನವರನ್ನು ವಿಚಾರಿಸುವ ಸಂಭವವಿದೆ ಎಂಬ ಸುದ್ದಿಗೇ ಆ ನೋವು ಪೂರ್ತಿ ವಾಸಿಯಾಯಿತು.

ಮಕ್ಕಳು ಮಾತ್ರ ಶಾಲೆ ಬಿಡಲಿಲ್ಲ. ಓದುವುದಿಲ್ಲ ಎಂಬ ಮಾತು ಊರೆದುರು ಮೇಷ್ಟ್ರ ಬಾಯಿಂದ ಬರುವುದಕ್ಕಿಂತ ಓದುವುದೇ ಮೇಲೆಂದು ಅವು ಕಂಡುಕೊಂಡಿದ್ದವು. ಹೆಣ್ಣುಮಕ್ಕಳ ಸಾಲಿನಲ್ಲಿ ಶಂಕರಮ್ಮ ವಾರಕ್ಕೆರಡು ದಿನ ಬಂದು ಕಾಗುಣಿತ ಹೇಳಿಕೊಡತೊಡಗಿದಳು. ತಿಂಗಳಿಗೊಮ್ಮೆ ಬರುವ ಸದಾಶಿವಪ್ಪನವರು ಹಿಂದಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ನೋಡಿ, ಹೇಳುವುದಕ್ಕೆ ಏನೂ ಸಿಗದೆ, ಒಬ್ಬಟ್ಟು ತಿಂದು ಹೋಗುವರು.

ಆರು ತಿಂಗಳು ಕಳೆಯುವುದರಲ್ಲಿ ಊರಿನ ಹಿರಿಯರು ದೊಡ್ಡಬಸಮ್ಮನನ್ನು ಮುಂದೆ ಮಾಡಿಕೊಂಡು ಶಂಕರಮ್ಮನ ಬಾಗಿಲಿಗೆ ಹೋದರು.

"ನಮ್ಮವ್ವ, ಒಪ್ಕಂಬುಡು," ಎಂದಳು ದೊಡ್ಡಬಸಮ್ಮ. "ಇನ್ನಾರ್ ತಿಂಗ್ಳು ಈ ನಿಜ ತಡಿಯಕ್ಕಾಗಲ್ಲ."

"ವರ್ಸ ಅಂದ್ರೆ ವರ್ಸ," ಎಂದಳು ಶಂಕರಮ್ಮ.

ಮದುವೆ ಮುಂದಿನ ಸುಗ್ಗಿಯ ನಂತರವೇ ಆಯಿತು. ಡೆಪ್ಟಿ ಸಾಹೇಬರು ಬಂದರು, ಸದಾಶಿವಪ್ಪನವರು ಹೆಂಡತಿಯನ್ನೂ ಮೂರು ಗಂಡುಮಕ್ಕಳನ್ನೂ ಕರೆದುಕೊಂಡು ಬಂದು, ಪಂಕ್ತಿಯನ್ನು ತಾವೇ ಸಾಲಾಗಿ ಕೂರಿಸಿದರು. ಅಡುಗೆಯವನ ಗಡಿಬಿಡಿಯಲ್ಲಿ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಉಣ್ಣುತ್ತಿದ್ದವರೆಲ್ಲ ಮಾತಿಲ್ಲದೆ ನೀರು ಕುಡಿಯುತ್ತಿದ್ದರು. ಪುಟ್ಟಬಸಪ್ಪನವರು ಹೆಮ್ಮೆಯಿಂದ ಎಲೆಗಳ ಸಾಲಿನಲ್ಲಿ ಬಂದು ಮದುಮಗನ ಮುಂದೆ ನಿಂತರು.

"ಊಟ ಎಂಗಿತ್ತು ಮೇಷ್ಟ್ರೇ?"

ಪಂಕ್ತಿಯಲ್ಲಿ ಎತ್ತಿದ ತುತ್ತುಗಳು ಎತ್ತಿದಲ್ಲೇ ನಿಂತವು. ಸಿದ್ದಮಲ್ಲಪ್ಪ ಬಾಯಿ ತೆರೆದರು. ಪಕ್ಕದ ಎಲೆಯ ಮುಂದೆ ತಲೆ ಬಗ್ಗಿಸಿ ಕೂತಿದ್ದ ಮದುಮಗಳು ತುಟಿಯಲುಗಿಸದೆ ಪಿಸುಗುಟ್ಟಿದಳು.

"ವರ್ಸ ಮುಗೀತು."

"ಬಹಳ ಚೆನ್ನಾಗಿತ್ತು," ಎಂದರು ಸಿದ್ದಮಲ್ಲಪ್ಪ.

ಎಳ್ಳುದೊಡ್ಡಿ ಒಟ್ಟಿಗೆ ಉಸಿರು ಬಿಟ್ಟು, ಮಜ್ಜಿಗೆಗೆ ಕೈ ಚಾಚಿತು.